ಮಳೆ ಬಿಟ್ಟ ಪೇಟೆಯ ಬಣ್ಣ

ಆಟಿ ತಿಂಗಳ ಮಳೆ ಬಿಟ್ಟ ಸಂಜೆಯ ಬೆಳಕಿನಲ್ಲಿ ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಬಳಿಯ ರಸ್ತೆಯನ್ನು ಎಣ್ಣೆಬಣ್ಣದಲ್ಲಿ ಚಿತ್ರಿಸುತ್ತಿದ್ದೇನೆ. 1897ರಲ್ಲಿ ಇಂಪ್ರೆಷನಿಸ್ಟ್ ಚಿತ್ರಕಾರ ಕಮಿಲ್ ಪಿಸಾರೊ ಅವರು ಪ್ಯಾರಿಸ್ಸಿನ ಹೋಟೆಲ್ ಕೋಣೆಯೊಂದರ ಕಿಟಕಿಯಿಂದ ಮೊಂಮಾರ್ತ್ರ್ ಬುಲೆವಾರ್ಡ್ ಎಂಬ ಅಗಲವಾದ ಬೀದಿಯನ್ನು ಬೆಳಗಿನಲ್ಲಿ, ಮಳೆಯಲ್ಲಿ, ರಾತ್ರಿಯ ದೀಪಗಳಲ್ಲಿ ಮತ್ತೆ ಮತ್ತೆ ಬಿಡಿಸಿದ್ದರು. ಆ ಚಿತ್ರಗಳ ಜನರಿಗೆ ಮುಖವಿಲ್ಲ. ಕುಂಚದ ಒಂದೆರಡು ಗಾಢ ಗುರುತುಗಳೇ ಒಬ್ಬ ಮನುಷ್ಯ, ಆದರೂ ಅವರು ನಡೆಯುತ್ತಿದ್ದಾರೆಂದು ಕಣ್ಣು ನಂಬುತ್ತದೆ.

ಒದ್ದೆಯಾದ ಡಾಂಬರು ಕಪ್ಪಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಜೀವವಿರುವ ಬೂದುಬಣ್ಣ ಹುಟ್ಟುತ್ತದೆ. ಅದು ಹಸಿಯಾಗಿರುವಾಗಲೇ ಆಟೋರಿಕ್ಷಾದ ಹಿಂದೀಪದ ಕೆಂಪನ್ನು ಮೇಲಿನಿಂದ ಕೆಳಕ್ಕೆ ಎಳೆದು, ಒಣ ಕುಂಚದಿಂದ ಅಡ್ಡಲಾಗಿ ಒಮ್ಮೆ ಮೆಲ್ಲನೆ ಸವರಿದರೆ ರಸ್ತೆಯ ಮೇಲೆ ನೀರು ನಿಂತಂತೆ ಕಾಣುತ್ತದೆ. ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಇಂತಹ ಕೆಲಸಕ್ಕೆ ಧಾರಾಳವಾಗಿ ಸಮಯ ಸಿಗುತ್ತದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಅಂಗಡಿಗಳ ಫಲಕಗಳು. ಪಿಸಾರೊ ಅವರ ಈ ಶೈಲಿಯಲ್ಲಿ ಅಕ್ಷರಗಳೂ ಬರಿಯ ಬಣ್ಣದ ಚುಕ್ಕೆಗಳಾಗಬೇಕು. ಬರೆದಿರುವುದು ಮಲಯಾಳವೋ ಕನ್ನಡವೋ ಎಂದು ತಿಳಿಯಬೇಕಾಗಿಲ್ಲ. ಆದರೆ 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡದ ಫಲಕಗಳನ್ನು ಹುಡುಕಿಕೊಂಡೇ ನಡೆಯುವ ನನ್ನ ಕಣ್ಣು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಹಾಗಾಗಿ ಎಡಬದಿಯ ಹಳದಿ ಫಲಕವೊಂದರಲ್ಲಿ ತಲೆಕಟ್ಟಿನ ಬಾಗು ಮಾತ್ರ ತಿಳಿಯುವಂತೆ ಉಳಿಸಿದ್ದೇನೆ. ಅದನ್ನು ಅಳಿಸುವ ಯೋಚನೆ ನನಗಿಲ್ಲ.