52ರಲ್ಲಿ 27 ಕಳೆದರೆ 35 ಬರುವುದು ಹೇಗೆ?

ಆರನೇ ತರಗತಿಗೆ ಪೂರ್ಣ ಸಂಖ್ಯೆಗಳ (0, 1, 2, 3…) ಪಾಠ ಶುರು ಮಾಡುವಾಗ ಪರಿವರ್ತನೀಯ (ಸಂಖ್ಯೆಗಳನ್ನು ಅದಲುಬದಲು ಮಾಡಿದರೂ ಉತ್ತರ ಒಂದೇ), ಸಹವರ್ತನೀಯ (ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ) ಎಂಬ ಹೆಸರುಗಳನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಬೇಡಿ. ಹೆಸರು ಬಾಯಿಪಾಠವಾಗುತ್ತದೆ, ಲೆಕ್ಕ ತಪ್ಪುತ್ತಲೇ ಇರುತ್ತದೆ. ಮೊದಲು ನೋಟ್‌ಬುಕ್ಕುಗಳಲ್ಲಿ ಕಳೆಯುವ ಲೆಕ್ಕ ನೋಡಿ. 52 − 27 = 35 ಎಂದು ಬರೆದವರು ಸಿಕ್ಕೇ ಸಿಗುತ್ತಾರೆ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗದು ಎಂದು ಕಂಡ ಕೂಡಲೇ 7ರಿಂದ 2 ಕಳೆದು 5 ಬರೆದಿರುತ್ತಾರೆ. ಇದು ಅಜಾಗ್ರತೆಯಲ್ಲ. 2 + 7 ಆದರೂ 7 + 2 ಆದರೂ ಒಂದೇ ಎಂದು ನಾವೇ ಕಲಿಸಿದ್ದನ್ನು ಮಗು ಕಳೆಯುವುದಕ್ಕೂ ಹಚ್ಚಿದೆ.

"ದಶಕ ತಗೋ" ಎಂದು ಗದರಿದರೆ ಸಾಲದು. ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ 5 ಕಟ್ಟು, 2 ಬಿಡಿ ಕೊಡಿ. 27 ಕಡ್ಡಿ ವಾಪಸ್ ಕೇಳಿ. 7 ಬಿಡಿ ಕೊಡಬೇಕು, ಕೈಯಲ್ಲಿರುವುದು ಎರಡೇ. ಒಂದು ಕಟ್ಟು ಬಿಚ್ಚದೆ ಗತಿಯಿಲ್ಲ. ಬಿಚ್ಚಿದರೆ 4 ಕಟ್ಟು, 12 ಬಿಡಿ; ಕೊಟ್ಟ ಮೇಲೆ ಉಳಿಯುವುದು 2 ಕಟ್ಟು, 5 ಬಿಡಿ. ಬಿಚ್ಚುವ ಕೆಲಸ ಮಗುವಿನ ಕೈಯಿಂದಲೇ ಆಗಬೇಕು, ನೀವು ಬಿಚ್ಚಿ ತೋರಿಸಿದರೆ ಪ್ರಯೋಜನವಿಲ್ಲ. ಆಮೇಲೆ ಬರೀ 27 ಕಡ್ಡಿ ಕೊಟ್ಟು 52 ಕೇಳಿ. ಕೊಡಲಾಗದು. ಕಳೆಯುವಿಕೆಗೆ ಪರಿವರ್ತನೀಯ ಗುಣವೂ ಇಲ್ಲ, ಪೂರ್ಣ ಸಂಖ್ಯೆಗಳಲ್ಲಿ ಆವೃತ ಗುಣವೂ (ಉತ್ತರ ಯಾವಾಗಲೂ ಪೂರ್ಣ ಸಂಖ್ಯೆಯೇ ಆಗಿರುವುದು) ಇಲ್ಲ ಎಂದು ಹೇಳಬೇಕಾದ ಹೊತ್ತು ಅದು.

ಕಳೆಯುವಿಕೆಗೆ ಸಹವರ್ತನೀಯ ಗುಣವೂ ಇಲ್ಲ ಎಂದು ತೋರಿಸಲು ಒಂದೇ ಜೋಡಿ ಸಾಕು: (20 − 8) − 3 = 9, ಆದರೆ 20 − (8 − 3) = 15. ಇವೇ ಮೂರನ್ನು ಕೂಡುವಾಗ ಆವರಣ ಎಲ್ಲಿ ಹಾಕಿದರೂ ಮೊತ್ತ 31.

ವಿಭಾಜಕ ಗುಣದಲ್ಲಿ (ಆವರಣದ ಹೊರಗಿನ ಸಂಖ್ಯೆ ಒಳಗಿನ ಎರಡನ್ನೂ ಗುಣಿಸಬೇಕು) ಎಡವುವುದು ಹೆಚ್ಚು. 47 × 98 ಅನ್ನು 47 × (100 − 2) ಎಂದು ಬಿಡಿಸಿ, 4700 − 2 ಎಂದು ಮಾಡಿ 4698 ಬರೆಯುತ್ತಾರೆ. ಹುಣಸೆ ಬೀಜ ತನ್ನಿ. 4 × 9 ಬೇಕಾದರೆ ಸಾಲಿಗೆ 10ರಂತೆ 4 ಸಾಲು ಜೋಡಿಸಿ, ಪ್ರತಿ ಸಾಲಿನ ಕೊನೆಯ ಬೀಜ ಎತ್ತಿಸಿ. ಕೈಗೆ ಬರುವುದು ಒಂದಲ್ಲ, ನಾಲ್ಕು: 40 − 4 = 36. ಹಾಗೆಯೇ ಸಾಲಿಗೆ 100ರಂತಿರುವ 47 ಸಾಲಿನಿಂದ ಎರಡೆರಡು ತೆಗೆದರೆ 94 ಹೋಗುತ್ತದೆ, ಉತ್ತರ 4606.

ಸೊನ್ನೆಯಿಂದ ಭಾಗಿಸುವಾಗ 6 ÷ 0 = 0 ಎಂದೋ 6 ಎಂದೋ ಬರೆಯುತ್ತಾರೆ. ಗುಣಿಸಿ ತಾಳೆ ನೋಡಲು ಹೇಳಿ: ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ 6 ಬರದು. 0 ÷ 0 ಎಷ್ಟು ಎಂದು ಯಾರಾದರೂ ಕೇಳಿದರೆ ಸುಮ್ಮನಾಗಿಸಬೇಡಿ. ಅಲ್ಲಿ 1 ಹಾಕಿದರೂ ತಾಳೆಯಾಗುತ್ತದೆ, 50 ಹಾಕಿದರೂ ತಾಳೆಯಾಗುತ್ತದೆ. ಒಂದೇ ಉತ್ತರ ನಿಲ್ಲದ್ದರಿಂದ ಅದಕ್ಕೂ ಬೆಲೆ ಕೊಡದೆ ಬಿಟ್ಟಿದ್ದಾರೆ.