ಹಾರ್ನ್ ಒತ್ತಿದರೆ ಮಂಕಾಗುತ್ತಿದ್ದ ಹೆಡ್‌ಲೈಟು

ನನ್ನ ಹಳೆಯ ಬೈಕಿನಲ್ಲಿ ಹಾರ್ನ್ ಒತ್ತಿದಾಗಲೆಲ್ಲ ಹೆಡ್‌ಲೈಟು ಮಂಕಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಅದು ಹೊತ್ತಿದ ಪ್ರತಿ ಕ್ಷಣಕ್ಕೂ ಹಿಂಬದಿಯ ಕೆಂಪು ದೀಪ ಒಮ್ಮೆ ಕುಗ್ಗಿ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಹಳೆಯ ಗಾಡಿಯೆಂದರೆ ಬ್ಯಾಟರಿಯೇ ಹೋಗಿರಬೇಕೆಂದು ಮೊದಲು ಬ್ಯಾಟರಿಯನ್ನು ಬದಲಿಸಿದೆ. ದೋಷ ಹಾಗೆಯೇ ಉಳಿದಾಗ, ಎಂಜಿನ್ನಿನಿಂದ ಬರುವ ವಿದ್ಯುತ್ತನ್ನು ಬ್ಯಾಟರಿಗೆ ಹೊಂದುವಂತೆ ಮಾಡುವ ರೆಕ್ಟಿಫೈಯರನ್ನೂ ಬದಲಿಸಿದೆ. ಆಮೇಲೂ ಹಾರ್ನ್ ಒತ್ತಿದರೆ ದೀಪ ಮಂಕಾಗುತ್ತಲೇ ಇತ್ತು. ಎರಡು ಹೊಸ ಬಿಡಿಭಾಗಗಳನ್ನು ಹಾಕಿಯೂ ಗಾಡಿ ಇದ್ದಲ್ಲೇ ಇದ್ದಾಗ, ಮೊದಲ ದಿನವೇ ಕೈಗೆತ್ತಿಕೊಳ್ಳಬೇಕಿದ್ದ, ವಿದ್ಯುತ್ತನ್ನು ಅಳೆಯುವ ಮಲ್ಟಿಮೀಟರನ್ನು ಕೊನೆಗೂ ಪೆಟ್ಟಿಗೆಯಿಂದ ಹೊರತೆಗೆದೆ.

ಹಳೆಯ ಬೈಕಿನಲ್ಲಿ ಕೆಡುವುದು ಬಿಡಿಭಾಗಕ್ಕಿಂತ ಹೆಚ್ಚಾಗಿ ಬಿಡಿಭಾಗಗಳ ನಡುವಿನ ಜೋಡಣೆ. ವೈರುಗಳನ್ನು ಜೋಡಿಸುವ ಕಪ್ಲರಿನೊಳಗಿನ ಪಿನ್ನಿಗೆ ಕಿಲುಬು ಹಿಡಿಯುತ್ತದೆ, ಸ್ವಿಚ್ಚಿನೊಳಗಿನ ಗ್ರೀಸು ಒಣಗಿ ಗಟ್ಟಿಯಾಗುತ್ತದೆ, ಬೋಲ್ಟಿನ ಕೆಳಗೆ ತುಕ್ಕು ಬೆಳೆಯುತ್ತದೆ. ಇವು ಯಾವುವೂ ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳಬಹುದಾದ ವಸ್ತುಗಳಲ್ಲವಾದ್ದರಿಂದ ನಮ್ಮ ಅನುಮಾನ ಅವುಗಳ ಮೇಲೆ ಕೊನೆಗೆ ಹೋಗುತ್ತದೆ.

ಬ್ಯಾಟರಿಯನ್ನು ಮೊದಲು ಪರೀಕ್ಷಿಸುವುದರಲ್ಲಿ ತಪ್ಪಿಲ್ಲ, ಪರೀಕ್ಷಿಸದೆ ಬದಲಿಸಿದ್ದು ನನ್ನ ತಪ್ಪು. 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿಯೊಳಗೆ 6 ಸೆಲ್‌ಗಳಿದ್ದು, ಪ್ರತಿಯೊಂದೂ ಸುಮಾರು 2.1 ವೋಲ್ಟ್ ಕೊಡುವುದರಿಂದ, ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. 12.0 ಎಂದು ತೋರಿಸಿದರೆ ಅದು ಬಹುತೇಕ ಬರಿದಾಗಿದೆ ಎಂದೇ ಅರ್ಥ. ಈಗತಾನೇ ಓಡಿಸಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಆದ್ದರಿಂದ ಆ ಅಂಕಿಯನ್ನು ನಂಬಬಾರದು. ಸೆಲ್ಫ್ ಒತ್ತಿದಾಗ ವೋಲ್ಟೇಜು 9.5ಕ್ಕಿಂತ ಕೆಳಗೆ ಕುಸಿದರೆ ಮಾತ್ರ ನಾನು ಬ್ಯಾಟರಿಯ ಕಡೆಗೆ ಬೆರಳು ತೋರಿಸುತ್ತೇನೆ. ನಾನು ತೆಗೆದುಹಾಕಿದ ಹಳೆಯ ಬ್ಯಾಟರಿಯನ್ನು ಆಮೇಲೆ ಕುತೂಹಲಕ್ಕೆ ಅಳೆದು ನೋಡಿದರೆ ಅದು 12.6 ತೋರಿಸಿತು. ಅದು ಈಗಲೂ ಕಪಾಟಿನ ಮೇಲೆ ಕುಳಿತು ನನ್ನನ್ನು ಅಣಕಿಸುತ್ತಿದೆ.

ನಿಜವಾದ ಉತ್ತರ ಕೊಟ್ಟದ್ದು ವಿದ್ಯುತ್ತು ಹರಿಯುತ್ತಿರುವಾಗಲೇ ವೋಲ್ಟೇಜನ್ನು ಅಳೆಯುವ ವಿಧಾನ. ಎಂಜಿನ್ ನಿಲ್ಲಿಸಿ ಹೆಡ್‌ಲೈಟು ಹೊತ್ತಿಸಿಟ್ಟು ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆದಾಗ 12.3 ವೋಲ್ಟ್ ಇತ್ತು. ಬಲ್ಬಿನ ಎರಡು ತುದಿಗಳಲ್ಲಿ ಅಳೆದಾಗ 10.3 ಮಾತ್ರ ಸಿಕ್ಕಿತು. ವೋಲ್ಟೇಜು ಆರನೆಯ ಒಂದು ಭಾಗ ಕುಗ್ಗಿದರೆ ಬೆಳಕೂ ಅಷ್ಟೇ ಕುಗ್ಗುತ್ತದೆಂದು ತಿಳಿಯಬಾರದು, ಸುರುಳಿಯ ಬಲ್ಬಿನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದಾರಿಯಲ್ಲಿ ಕಾಣೆಯಾದ ಆ 2 ವೋಲ್ಟ್ ಎಲ್ಲಿ ಹೋಯಿತೆಂದು ಹುಡುಕಲು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ತುದಿಗೂ ಇನ್ನೊಂದನ್ನು ಬಲ್ಬಿನ ಪಾಸಿಟಿವ್ ತುದಿಗೂ ಇಟ್ಟೆ. ಅಲ್ಲಿ ಕಂಡದ್ದು 0.3 ವೋಲ್ಟ್. ಕೀಲಿ ಹಾಕಿ ತಿರುಗಿಸುವ ಬೀಗ, ಸ್ವಿಚ್ಚು, ಫ್ಯೂಸು, ಇಷ್ಟೆಲ್ಲ ದಾಟಿ ಬರುವ ದಾರಿಗೆ ಅದು ದೊಡ್ಡ ನಷ್ಟವಲ್ಲ. ಅನಂತರ ಬಲ್ಬಿನ ನೆಗೆಟಿವ್ ತುದಿಯಿಂದ ಬ್ಯಾಟರಿಯ ನೆಗೆಟಿವ್ ತುದಿಗೆ ಅಳೆದಾಗ 1.7 ವೋಲ್ಟ್ ಬಂತು. ಏನೂ ನಷ್ಟವಾಗಬಾರದ ಹಿಂದಿರುಗುವ ದಾರಿಯಲ್ಲೇ, ಅಂದರೆ ಅರ್ಥಿಂಗ್‌ನಲ್ಲೇ, ಕಳ್ಳ ಕುಳಿತಿದ್ದ.

ಬೈಕಿನ ಚಾಸಿಯೇ, ಅಂದರೆ ಲೋಹದ ಚೌಕಟ್ಟೇ, ಹಿಂದಿರುಗುವ ತಂತಿಯಾಗಿ ಕೆಲಸ ಮಾಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ದೀಪ, ಹಾರ್ನ್, ಇಂಡಿಕೇಟರ್‌ಗಳ ನೆಗೆಟಿವ್ ವೈರುಗಳೆಲ್ಲ ಒಂದೇ ಗೊಂಚಲಾಗಿ ಬಂದು, ಪೆಟ್ರೋಲ್ ಟ್ಯಾಂಕಿನ ಕೆಳಗೆ ಕಾಣದ ಒಂದೇ ಬೋಲ್ಟಿನ ಮೂಲಕ ಆ ಚಾಸಿಯನ್ನು ಸೇರುವ ಗಾಡಿಗಳು ಎಷ್ಟೋ ಇವೆ, ನನ್ನದೂ ಅವುಗಳಲ್ಲಿ ಒಂದು. ಹಾರ್ನಿಗೂ ಹೆಡ್‌ಲೈಟಿಗೂ, ಇಂಡಿಕೇಟರಿಗೂ ಕೆಂಪು ದೀಪಕ್ಕೂ ಇದ್ದ ನಂಟು ಅಲ್ಲಿಯದು. ಒಂದು ಉಪಕರಣ ಚಾಲೂ ಆದಾಗ ಇನ್ನೊಂದು ಕುಗ್ಗಿದರೆ ಅವೆರಡೂ ಹಂಚಿಕೊಂಡಿರುವ ದಾರಿಯನ್ನು ಹುಡುಕಬೇಕು. ಅಂಥ ದಾರಿ ವಿದ್ಯುತ್ತು ಹೋಗುವಾಗ ಬೀಗದ ಬಳಿ ಒಂದಿರುತ್ತದೆ, ಹಿಂದಿರುಗುವಾಗ ಅರ್ಥಿಂಗ್ ಬಳಿ ಇನ್ನೊಂದಿರುತ್ತದೆ. ಮೀಟರು ಮೊದಲನೆಯದನ್ನು ಆಗಲೇ ನಿರಪರಾಧಿಯೆಂದು ಹೇಳಿಯಾಗಿತ್ತು.

ಟ್ಯಾಂಕು ಬಿಚ್ಚಿ ನೋಡಿದಾಗ ಬೋಲ್ಟು ಬಿಗಿಯಾಗಿಯೇ ಇತ್ತು. ಅದನ್ನು ಕಳಚಿದಾಗ ವೈರಿನ ಉಂಗುರದ ಕೆಳಗೆ ಹೊಳೆಯುವ ಕಪ್ಪು ಬಣ್ಣ ಕಂಡಿತು. ಅದು ನನ್ನದೇ ಕೈಕೆಲಸ. ಹಿಂದೊಮ್ಮೆ ಚಾಸಿಗೆ ಹೊಸದಾಗಿ ಬಣ್ಣ ಹೊಡೆದಾಗ ಈ ಜಾಗವನ್ನೂ ಬಿಡದೆ ಅಚ್ಚುಕಟ್ಟಾಗಿ ಬಳಿದಿದ್ದೆ. ಅಲ್ಲಿಂದ ಇಷ್ಟು ದಿನವೂ ಬೋಲ್ಟಿನ ತಿರುಪು ಗೆರೆಗಳು ಕಚ್ಚಿಕೊಂಡಿದ್ದ ಅಲ್ಪ ಲೋಹದ ಮೂಲಕವೇ ಗಾಡಿಯ ಅಷ್ಟೂ ವಿದ್ಯುತ್ತು ನುಸುಳಿಕೊಂಡು ಹೋಗುತ್ತಿತ್ತು. ಸುಮಾರು 5 ಆಂಪಿಯರ್ ಹರಿಯುವಾಗ 1.7 ವೋಲ್ಟ್ ನಷ್ಟವಾದರೆ ಆ ಜೋಡಣೆಯ ರೋಧ ಓಮಿನ ಮೂರನೆಯ ಒಂದು ಭಾಗದಷ್ಟು ಮಾತ್ರ, ಆದರೂ 8 ವ್ಯಾಟಿಗಿಂತ ಹೆಚ್ಚು ಶಕ್ತಿ ಅಲ್ಲಿ ಬಿಸಿಯಾಗಿ ಪೋಲಾಗುತ್ತಿತ್ತು. ಬಣ್ಣವನ್ನು ಬರಿಯ ಲೋಹ ಕಾಣುವವರೆಗೆ ಎಮರಿ ಕಾಗದದಿಂದ ಉಜ್ಜಿ, ಉಂಗುರವನ್ನು ಹೊಸದಾಗಿ ಒತ್ತಿ ಕೂರಿಸಿ, ಹಲ್ಲುಗಳಿರುವ ವಾಷರ್ ಹಾಕಿ ಬಿಗಿದು, ಆಮೇಲೆ ನೀರು ಸೇರದಂತೆ ಮೇಲೆ ಗ್ರೀಸು ಸವರಿದೆ. ಮತ್ತೆ ಅಳೆದಾಗ ಹಿಂದಿರುಗುವ ದಾರಿಯ ನಷ್ಟ 0.1 ವೋಲ್ಟಿಗೆ ಇಳಿದಿತ್ತು.

ಎರಡು ತುದಿಗಳ ನಡುವೆ ಸಂಪರ್ಕವಿದೆಯೆಂದು ತಿಳಿಸುವ ಮೀಟರಿನ ‘ಬೀಪ್’ ಸದ್ದನ್ನು ನೆಚ್ಚಿಕೊಂಡಿದ್ದರೆ ಈ ದೋಷ ಎಂದಿಗೂ ಸಿಗುತ್ತಿರಲಿಲ್ಲ. ಆ ಪರೀಕ್ಷೆಯಲ್ಲಿ ಮೀಟರು ಬಹಳ ಸಣ್ಣ ಪ್ರಮಾಣದ ವಿದ್ಯುತ್ತನ್ನಷ್ಟೇ ಹರಿಸುವುದರಿಂದ, ಹತ್ತಾರು ಎಳೆಗಳಿರುವ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಸಂತೋಷವಾಗಿ ಕೂಗುತ್ತದೆ. ಓಮ್ ಅಳೆದರೂ ಅಷ್ಟೆ, ಓಮಿನ ಮೂರನೆಯ ಒಂದು ಭಾಗದಷ್ಟು ರೋಧ ಅಗ್ಗದ ಮೀಟರಿನ ಕಡ್ಡಿಗಳ ವೈರಿನಲ್ಲೇ ಇರಬಹುದು. ಗಾಡಿಯನ್ನು ಹೊರೆ ಹೊರಿಸಿ ನೋಡದೆ ಅದರ ಬೆನ್ನುನೋವು ತಿಳಿಯುವುದಿಲ್ಲ.

ಎಲ್ಲ ಹಳೆಯ ಬೈಕುಗಳಿಗೂ ನನ್ನ ಅಂಕಿಗಳು ಹೊಂದುವುದಿಲ್ಲ. 6 ವೋಲ್ಟಿನ ಗಾಡಿಗಳಲ್ಲಿ ಅವನ್ನು ಅರ್ಧಕ್ಕೆ ಇಳಿಸಿಕೊಳ್ಳಬೇಕು, ಮತ್ತು ಅಲ್ಲಿ ಅರ್ಧ ವೋಲ್ಟಿನ ನಷ್ಟವೂ ದುಬಾರಿ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಅನೇಕವು ಪಾಸಿಟಿವ್ ತುದಿಯನ್ನೇ ಚಾಸಿಗೆ ಕಟ್ಟಿಕೊಂಡಿರುವುದರಿಂದ, ವೈರಿಂಗ್ ನಕ್ಷೆ ನೋಡದೆ ಅವುಗಳ ಬ್ಯಾಟರಿಗೆ ಕೈ ಹಾಕಬಾರದು. ಕೆಲವು ಸಣ್ಣ ಗಾಡಿಗಳಲ್ಲಿ ಹೆಡ್‌ಲೈಟಿಗೆ ವಿದ್ಯುತ್ತು ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನಿಂದಲೇ ನೇರವಾಗಿ ಬರುತ್ತದೆ. ಅಂಥ ಗಾಡಿ ನಿಂತಲ್ಲೇ ಸ್ಲೋ ಆಗಿ ಓಡುವಾಗ ದೀಪ ಮಂಕಾಗುವುದು ದೋಷವಲ್ಲ, ಅದರ ಸ್ವಭಾವ.

ನನ್ನ ರೆಕ್ಟಿಫೈಯರಿನ ಕಥೆಯನ್ನೂ ಹೇಳಿ ಮುಗಿಸಬೇಕು, ಏಕೆಂದರೆ ಅದನ್ನು ಬದಲಿಸುವಾಗ ನಾನು ಕಣ್ಣಾರೆ ಕಂಡೂ ಕಡೆಗಣಿಸಿದ ಸಂಗತಿಯೊಂದಿದೆ. ಎಂಜಿನ್ನಿನಲ್ಲಿ ವಿದ್ಯುತ್ತು ಹುಟ್ಟಿಸುವ ಕಾಯಿಲಾದ ಸ್ಟೇಟರಿನಿಂದ ಬರುವ ಮೂರು ಹಳದಿ ವೈರುಗಳ ಕಪ್ಲರು ಒಂದು ಮೂಲೆಯಲ್ಲಿ ಕಂದುಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿತ್ತು, ನಾನು ಹೊಸ ಯೂನಿಟ್ಟನ್ನು ಅದಕ್ಕೇ ಸಿಕ್ಕಿಸಿ ಕೈ ತೊಳೆದುಕೊಂಡಿದ್ದೆ. ಅರ್ಥಿಂಗ್ ಸರಿಯಾದ ಮೇಲೆ, ಎಂಜಿನ್ನನ್ನು ಸುಮಾರು 4000 ಆರ್‌ಪಿಎಂ ವೇಗದಲ್ಲಿ ಓಡಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆದಾಗ, 13.5ರಿಂದ 14.5ರ ನಡುವೆ ಇರಬೇಕಾದ ವೋಲ್ಟೇಜು 12.9ರಲ್ಲೇ ನಿಂತಿತ್ತು. ಸ್ಟೇಟರಿನ ಕಪ್ಲರನ್ನು ಬಿಡಿಸಿ ಮೂರು ವೈರುಗಳನ್ನು ಎರಡೆರಡಾಗಿ ಎಸಿ ವೋಲ್ಟೇಜಿಗೆ ಅಳೆದೆ. ಮೂರು ಜೋಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬಂತು, ಯಾವ ವೈರಿಗೂ ಚಾಸಿಗೂ ಸಂಪರ್ಕವಿರಲಿಲ್ಲ. ಅಂದಮೇಲೆ ಕಾಯಿಲು ಗಟ್ಟಿಯಾಗಿದೆ, ರೆಕ್ಟಿಫೈಯರ್ ಹೊಸದು, ಉಳಿದದ್ದು ಅವೆರಡರ ನಡುವಿನ ಆ ಕಂದು ಮೂಲೆ. ಕಪ್ಲರನ್ನು ಕತ್ತರಿಸಿ ಹೊಸದನ್ನು ಹಾಕಿದ ಮೇಲೆ ವೋಲ್ಟೇಜು 14.2ಕ್ಕೆ ಏರಿತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರನ್ನು ಕಿತ್ತು ಚಾರ್ಜಿಂಗ್ ಪರೀಕ್ಷಿಸುವ ಪದ್ಧತಿಯೊಂದಿದೆ, ಅದನ್ನು ಯಾರೂ ಅನುಸರಿಸದಿರಲಿ. ತಡೆಯಿಲ್ಲದ ವೋಲ್ಟೇಜು ಒಮ್ಮೆಲೇ ಏರಿ ಬಲ್ಬುಗಳನ್ನೂ ರೆಕ್ಟಿಫೈಯರನ್ನೂ ಸುಡಬಲ್ಲದು.

ಫ್ಯೂಸು ಪದೇ ಪದೇ ಹಾರುವ ಗಾಡಿಗೆ ಬೇರೆಯದೇ ಉಪಾಯ ಬೇಕು. ಫ್ಯೂಸಿನ ಜಾಗದಲ್ಲಿ ಒಂದು ಹೆಡ್‌ಲೈಟ್ ಬಲ್ಬನ್ನು ಎರಡು ವೈರುಗಳಿಂದ ಸಿಕ್ಕಿಸಿದರೆ, ಶಾರ್ಟ್ ಇರುವವರೆಗೂ ಅದು ಪೂರ್ತಿ ಪ್ರಕಾಶದಿಂದ ಉರಿಯುತ್ತದೆ, ಏನೂ ಸುಡುವುದಿಲ್ಲ. ಆಗ ವೈರುಗಳ ಗೊಂಚಲನ್ನು ಅಂಗುಲ ಅಂಗುಲವಾಗಿ ಅಲುಗಾಡಿಸುತ್ತ ಹೋಗಬೇಕು, ಬಲ್ಬು ಕುಗ್ಗಿದ ಕಡೆ ದೋಷವಿದೆ. ಹ್ಯಾಂಡಲ್ ತಿರುಗಿದಾಗಲೆಲ್ಲ ಬಾಗಿ ನಲುಗುವ ಕುತ್ತಿಗೆಯ ಭಾಗದಲ್ಲೇ ನಾನು ಮೊದಲು ಹುಡುಕುತ್ತೇನೆ.

ನಿಲ್ಲಿಸಿದ ಗಾಡಿಯ ಬ್ಯಾಟರಿ ತಾನಾಗಿ ಬರಿದಾಗುತ್ತಿದ್ದರೆ, ಬೀಗ ಆಫ್ ಮಾಡಿ, ನೆಗೆಟಿವ್ ವೈರು ಬಿಡಿಸಿ, ಅದರ ಮತ್ತು ಬ್ಯಾಟರಿಯ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿಟ್ಟು ನೋಡಬೇಕು. 9 ಆಂಪಿಯರ್ ಅವರ್ ಬ್ಯಾಟರಿಯನ್ನು 100 ಮಿಲಿಆಂಪಿಯರಿನ ಸೋರಿಕೆ ನಾಲ್ಕು ದಿನ ತುಂಬುವ ಮೊದಲೇ ಕುಡಿದು ಮುಗಿಸುತ್ತದೆ. ಮೀಟರು ಹಾಗಿರುವಾಗ ಮರೆತು ಸೆಲ್ಫ್ ಒತ್ತಿದರೆ ಮೀಟರಿನೊಳಗಿನ ಫ್ಯೂಸು ಹಾರುತ್ತದೆ. ಇದನ್ನು ನಾನು ಎರಡು ಸಲ ಕಲಿತಿದ್ದೇನೆ.

ಈಗ ಹಾರ್ನ್ ಒತ್ತಿದರೆ ಹೆಡ್‌ಲೈಟು ಕದಲುವುದಿಲ್ಲ, ಕೆಂಪು ದೀಪವೂ ಸ್ಥಿರವಾಗಿದೆ. ಉಳಿದಿರುವುದು ಪಾಸಿಟಿವ್ ದಾರಿಯ ಆ 0.3 ವೋಲ್ಟ್. ಅದರಲ್ಲಿ 0.2ರಷ್ಟು ಬೀಗದ ಸ್ವಿಚ್ಚಿನೊಳಗೇ ನಷ್ಟವಾಗುತ್ತಿದೆ ಎಂದು ನಿನ್ನೆ ಅಳೆದು ಗುರುತಿಸಿಕೊಂಡಿದ್ದೇನೆ. ಭಾನುವಾರ ಅದನ್ನು ಬಿಚ್ಚಿ ತೊಳೆಯಬೇಕು.