ಕೇಬಲ್ ಜೋಡಿಸುವ ಖರ್ಚು ಯಾರದು?

ಇಂದು ಬೆಳಿಗ್ಗೆ ಹೆಬ್ರಿಯ ಹತ್ತಿರ, ಮರ ಬಿದ್ದು ತುಂಡಾಗಿದ್ದ ಫೈಬರ್ ಕೇಬಲನ್ನು ಇಬ್ಬರು ಯುವಕರು ಮಳೆಯಲ್ಲೇ ಜೋಡಿಸುತ್ತಿದ್ದರು. ಒಬ್ಬರು ಟಾರ್ಪಾಲು ಹಿಡಿದು ನಿಂತಿದ್ದರೆ, ಇನ್ನೊಬ್ಬರು ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯ ಹೊದಿಕೆ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಪುಟ್ಟ ಯಂತ್ರದೊಳಗಿಟ್ಟು ಬೆಸೆಯುತ್ತಿದ್ದರು. ಒಂದೊಂದು ಎಳೆಗೂ ಇಷ್ಟೇ ತಾಳ್ಮೆ ಬೇಕು.

ಇಂಥ ಜಾಲದ ಖರ್ಚಿನಲ್ಲಿ, ಅದರ ಮೂಲಕವೇ ವಿಡಿಯೊ ತಲುಪಿಸುವ ದೊಡ್ಡ ಕಂಪನಿಗಳೂ ಪಾಲು ಕೊಡಬೇಕೆಂದು ದೂರಸಂಪರ್ಕ ಕಂಪನಿಗಳು ಕೇಳುತ್ತಿವೆ. ನನಗೆ ಅದು ಸರಿ ಕಾಣುವುದಿಲ್ಲ. ಆ ವಿಡಿಯೊವನ್ನು ತರಿಸಿಕೊಳ್ಳುವವರು ನಾವು, ಅದಕ್ಕೆಂದೇ ರೀಚಾರ್ಜ್ ಮಾಡಿಸುವವರೂ ನಾವೇ; ಒಂದೇ ಸಾಗಾಟಕ್ಕೆ ಎರಡೂ ಕಡೆ ಬಾಡಿಗೆ ವಸೂಲಿ ಮಾಡಿದರೆ, ಆ ಹೊರೆ ಕೊನೆಗೆ ಚಂದಾದಾರರ ತಲೆಯ ಮೇಲೆಯೇ ಬರುತ್ತದೆ.

ಆದರೆ ಘಟ್ಟದ ಬುಡದಲ್ಲಿ ಮನೆಗಳು ವಿರಳವಾಗಿರುವ ಊರುಗಳಲ್ಲಿ ಅಲ್ಲಿನವರ ರೀಚಾರ್ಜ್ ಹಣದಿಂದಷ್ಟೇ ಟವರ್ ನಡೆಯದು ಎಂಬುದೂ ನಿಜ. ಅದಕ್ಕಾಗಿಯೇ 2002ರಲ್ಲಿ ಸಾರ್ವತ್ರಿಕ ಸೇವಾ ನಿಧಿ ಆರಂಭವಾಯಿತು. ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಯ ಒಟ್ಟು ಆದಾಯದ, ಅಂದರೆ ನಿಯಮದಂತೆ ಕೆಲವು ಬಾಬ್ತುಗಳನ್ನು ಕಳೆದು ಉಳಿಯುವ ಆದಾಯದ, ಶೇ 5ರಷ್ಟು ಅದಕ್ಕೆ ಸಲ್ಲುತ್ತದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು ಬಂದಿದೆ. ನಗರದವರ ಬಿಲ್ಲಿನಿಂದ ಹಳ್ಳಿಯ ಸಂಪರ್ಕಕ್ಕೆ ಹಣ ಹರಿಯುವ ಈ ವ್ಯವಸ್ಥೆಯನ್ನು ನಾನು ಮನಸಾರೆ ಒಪ್ಪುತ್ತೇನೆ.

ಕೇಬಲ್ ಎಳೆಯುವುದಕ್ಕೆ ಸಿಗುವಷ್ಟೇ ಗಮನ ಅದರ ನಿರ್ವಹಣೆಗೂ ಸಿಗಬೇಕು. ಆಟಿ ತಿಂಗಳ ಮಳೆಯಲ್ಲಿ ಕರೆಂಟ್ ಹೋದಾಗ ಟವರನ್ನು ನಡೆಸುವ ಬ್ಯಾಟರಿಗೂ, ಡೀಸೆಲ್‌ಗೂ, ಎಳೆ ಬೆಸೆಯುವ ಇಂಥ ಕೈಗಳ ಸಂಬಳಕ್ಕೂ ಆ ನಿಧಿಯಿಂದ ವರ್ಷ ವರ್ಷವೂ ಹಣ ತೆಗೆದಿಡಬೇಕು.